ಅಂಗಳದ ಬೆಂಕಿ

ಹೋದ ಸಲದ ಅಂಕಣ ಓದಿದ ಚೆನ್ನೈಯ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದರು. ‘ನಿಮ್ಮ ದೇವರನ್ನು ಶಿಲುಬೆಗೆ ಹಾಕಿದ ದಿನವನ್ನು ಶುಭ ಶುಕ್ರವಾರ ಅಂತ ಯಾಕೆ ಕರೀತೀರಿ? ಆ ವಾರದಲ್ಲಿ ಅಂಥದ್ದು ಏನಾಯಿತು?’

ಮೊದಲ ಪ್ರಶ್ನೆಗೆ ಒಂದೇ ಸಾಲಿನ ಉತ್ತರವಿದೆ. ಆ ಸಾವಿನಿಂದ ನಮಗೆ ಬಿಡುಗಡೆ ಸಿಕ್ಕಿತು ಎಂದು ನಾವು ನಂಬುತ್ತೇವೆ, ಅದಕ್ಕೇ ಅದು ಶುಭ. ಎರಡನೆಯ ಪ್ರಶ್ನೆಗೆ ಒಂದು ಸಾಲು ಸಾಲದು. ಹೋದ ವರ್ಷ ಇದೇ ಹೊತ್ತಿಗೆ ಆ ವಾರ ನನಗೇ ಹೊಸದಾಗಿ ಅರ್ಥವಾಯಿತು. ಹಾಗಾಗಿ ಈ ತಿಂಗಳು ಅದನ್ನೇ ಬರೆಯುತ್ತೇನೆ. ನಾನು ಪಾದ್ರಿಯಲ್ಲ, ದೇವಶಾಸ್ತ್ರ ಓದಿದವನೂ ಅಲ್ಲ. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡು, ಭಾನುವಾರ ಕನ್ನಡ ಆರಾಧನೆಗೆ ಹೋಗುವ ಧಾರವಾಡದವನು, ಅಷ್ಟೇ.

ನಮ್ಮ ಮನೆಯಲ್ಲಿ ಆ ವಾರಕ್ಕೆ ಒಂದು ಪದ್ಧತಿ ಇತ್ತು. ಪ್ರತಿ ರಾತ್ರಿ ಊಟವಾದ ಮೇಲೆ ಅಜ್ಜಿ ಸುವಾರ್ತೆಯ ಆಯಾ ದಿನದ ಭಾಗವನ್ನು ಓದುತ್ತಿದ್ದಳು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದವರು. ಅವರು ಕಟ್ಟಿದ ಸಭೆಯಲ್ಲೇ ಅಜ್ಜಿ ಹುಟ್ಟಿ ಬೆಳೆದದ್ದು. ಯೇಸುವನ್ನು ಹಿಡಿದುಕೊಟ್ಟ ಕಡೆ, ಹೊಡೆದ ಕಡೆ ಅವಳು ಸುಮ್ಮನೆ ಓದಿಕೊಂಡು ಹೋಗುತ್ತಿದ್ದಳು. ಪೇತ್ರನ ಭಾಗ ಬಂದಾಗ ಮಾತ್ರ ಕನ್ನಡಕ ತೆಗೆದು ‘ಪಾಪ’ ಅನ್ನುತ್ತಿದ್ದಳು. ಬೈದು ಹೊಡೆದವರ ಮೇಲೆ ಸಿಟ್ಟು ಮಾಡದೆ, ಸುಳ್ಳು ಹೇಳಿದವನ ಮೇಲೆ ಯಾಕೆ ಮರುಕ ಎಂದು ಆಗ ತಿಳಿಯುತ್ತಿರಲಿಲ್ಲ.

ಭಾನುವಾರದಿಂದ ಬುಧವಾರ

ಮಾರ್ಕನ ಸುವಾರ್ತೆಯಲ್ಲಿ ಇರುವುದು 16 ಅಧ್ಯಾಯ. ಅದರಲ್ಲಿ 11ನೆಯ ಅಧ್ಯಾಯದಿಂದಲೇ ಕೊನೆಯ ವಾರ ಶುರುವಾಗುತ್ತದೆ. ಯೋಹಾನನಂತೂ ಗುರುವಾರದ ಊಟದಿಂದ ಶುಕ್ರವಾರದ ಸಮಾಧಿಯವರೆಗಿನ ಒಂದು ರಾತ್ರಿ, ಒಂದು ಹಗಲಿಗೇ ಏಳು ಅಧ್ಯಾಯ ಕೊಟ್ಟಿದ್ದಾನೆ. ಬರೆದವರ ದೃಷ್ಟಿಯಲ್ಲಿ ಉಳಿದದ್ದೆಲ್ಲ ಇದಕ್ಕೆ ಪೀಠಿಕೆ ಎಂಬಂತೆ.

ಆಗ ಯೆರೂಸಲೇಮಿನಲ್ಲಿ ಪಸ್ಕಹಬ್ಬ. ಅದು ಹುಣ್ಣಿಮೆಗೆ ಬರುವ ಹಬ್ಬ. ನಮ್ಮ ಪಂಚಾಂಗದ ಲೆಕ್ಕದಲ್ಲಿ ಫಾಲ್ಗುಣದ ಇಲ್ಲವೇ ಚೈತ್ರದ ಹುಣ್ಣಿಮೆಯ ಆಸುಪಾಸು. ದೇಶದ ಎಲ್ಲ ಮೂಲೆಗಳಿಂದ ಯೆಹೂದ್ಯರು ಬಂದು ಊರು ತುಂಬಿರುತ್ತಿತ್ತು. ಭಾನುವಾರ ಯೇಸು ಕತ್ತೆಮರಿಯ ಮೇಲೆ ಕುಳಿತು ಊರೊಳಗೆ ಬಂದ. ಜನ ಬಟ್ಟೆ ಹಾಸಿದರು, ಗರಿ ಹಿಡಿದು ಜಯಕಾರ ಹಾಕಿದರು. ಲೂಕ ಹೇಳುವಂತೆ, ಅಷ್ಟು ಜಯಕಾರದ ನಡುವೆ ಯೇಸು ಊರನ್ನು ನೋಡಿ ಅತ್ತ. ಜನ ಹೊಗಳುವಾಗಲೂ ಅವನ ಕಣ್ಣು ಅವರಿಗೆ ಮುಂದೆ ಬರಲಿದ್ದ ಕಷ್ಟದ ಮೇಲಿತ್ತು. ನನಗೆ ಒಂದು ಅಪ್ರೀಸಿಯೇಷನ್ ಮೇಲ್ ಬಂದರೆ ಅವತ್ತೆಲ್ಲ ಬೇರೇನೂ ಕಾಣುವುದಿಲ್ಲ.

ಸೋಮವಾರ ದೇವಾಲಯದಲ್ಲಿ ನಾಣ್ಯ ಬದಲಿಸುವವರ ಮೇಜುಗಳನ್ನೂ ಪಾರಿವಾಳ ಮಾರುವವರ ಪೀಠಗಳನ್ನೂ ಕೆಡವಿದ. ಕುರಿ ಕೊಡಲಾಗದ ಬಡವರು ಪಾರಿವಾಳ ಅರ್ಪಿಸುವ ಪದ್ಧತಿ ಇತ್ತು. ಯೇಸು ಹುಟ್ಟಿದಾಗ ಅವನ ತಂದೆ ತಾಯಿ ಕೊಟ್ಟದ್ದೂ ಇಂಥದೇ ಬಡವರ ಕಾಣಿಕೆ. ಆ ಪೀಠಗಳ ಮುಂದೆ ಕೈಯಲ್ಲಿ ಚಿಲ್ಲರೆ ಹಿಡಿದು ನಿಂತವರು ಎಂಥವರೆಂದು ಅವನಿಗೆ ಮನೆಯಿಂದಲೇ ಗೊತ್ತಿತ್ತು.

ಅದಾದ ಮೇಲೆ ಕಾಣಿಕೆ ಪೆಟ್ಟಿಗೆಯ ಎದುರು ವಿಧವೆಯೊಬ್ಬಳು ಎರಡು ಚಿಕ್ಕ ಕಾಸು ಹಾಕಿದ ಪ್ರಸಂಗ. ಎರಡೂ ಸೇರಿದರೂ ಒಂದು ದಿನದ ಕೂಲಿಯ 64ರಲ್ಲಿ ಒಂದು ಪಾಲು. ಇದನ್ನು ನಾವು ಚರ್ಚಿನಲ್ಲಿ ಹೆಚ್ಚಾಗಿ ಕಾಣಿಕೆ ಎತ್ತುವಾಗ ಹೇಳುತ್ತೇವೆ. ಆದರೆ ಮಾರ್ಕನಲ್ಲಿ ಅದಕ್ಕೂ ಮುಂಚಿನ ಮಾತೇನು ನೋಡಿ: ಉದ್ದ ಪ್ರಾರ್ಥನೆ ಮಾಡುತ್ತಾ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ಬಗ್ಗೆ ಯೇಸು ಎಚ್ಚರಿಸಿದ್ದ. ಹಾಗಾದರೆ ಅವಳ ಕೈಯಲ್ಲಿ ಎರಡೇ ಕಾಸು ಉಳಿದದ್ದು ಯಾಕೆ ಎಂಬ ಪ್ರಶ್ನೆಯೂ ಅಲ್ಲಿದೆ. ಅವಳ ಭಕ್ತಿಯನ್ನು ಕೊಂಡಾಡುವಷ್ಟು ಸುಲಭವಾಗಿ ನಾವು ಆ ಪ್ರಶ್ನೆ ಕೇಳಿಕೊಳ್ಳುವುದಿಲ್ಲ.

ಆಮೇಲೆ ಬೇಥಾನ್ಯದ ಊಟ. ಒಬ್ಬ ಹೆಂಗಸು ಜಟಾಮಾಂಸಿ ತೈಲದ ಭರಣಿ ಒಡೆದು ಯೇಸುವಿನ ತಲೆಯ ಮೇಲೆ ಸುರಿದಳು. ಜಟಾಮಾಂಸಿ ನಮ್ಮ ಹಿಮಾಲಯದಲ್ಲಿ ಬೆಳೆಯುವ ಗಿಡ. ಅಷ್ಟು ದೂರದಿಂದ ಬಂದ ಸರಕು ಎಂದರೆ ಬೆಲೆ ಕೇಳಬೇಕೇ? 300 ದಿನಗಳ ಕೂಲಿಗಿಂತ ಹೆಚ್ಚು. ಇದನ್ನು ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಕುಳಿತವರು ಗೊಣಗಿದರು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಸಾಯಲಿರುವವನಿಗೆ ಆಗಲೇ ಏನು ಬೇಕು ಎಂದು ಆ ಕೋಣೆಯಲ್ಲಿ ತಿಳಿದದ್ದು ಅವಳೊಬ್ಬಳಿಗೆ. ಮತ್ತಾಯ ಮತ್ತು ಮಾರ್ಕ ಇಬ್ಬರೂ ಇದರ ಬೆನ್ನಿಗೇ ಇಸ್ಕರಿಯೋತ ಯೂದನು ಮಹಾಯಾಜಕರ ಬಳಿ ಮಾತುಕತೆಗೆ ಹೋದದ್ದನ್ನು ಬರೆಯುತ್ತಾರೆ. ಮತ್ತಾಯ ಮೊತ್ತವನ್ನೂ ಹೇಳುತ್ತಾನೆ: 30 ಬೆಳ್ಳಿ ನಾಣ್ಯ.

ಗುರುವಾರ ರಾತ್ರಿ

ಗುರುವಾರ ಊಟದ ನಡುವೆ ಯೇಸು ಎದ್ದು, ಸೊಂಟಕ್ಕೆ ಅಂಗವಸ್ತ್ರ ಕಟ್ಟಿಕೊಂಡು, ಶಿಷ್ಯರ ಕಾಲು ತೊಳೆದ. ಧೂಳಿನ ದಾರಿಯಲ್ಲಿ ನಡೆದು ಬಂದವರ ಕಾಲು ತೊಳೆಯುವುದು ಮನೆಯಾಳಿನ ಕೆಲಸ. ಪೇತ್ರ ಮೊದಲು ಒಪ್ಪಲಿಲ್ಲ. ದೊಡ್ಡವರಿಂದ ಕಾಲು ತೊಳೆಸಿಕೊಳ್ಳುವುದು ನಮ್ಮವರಿಗೂ ಆಗದ ಮಾತೇ. ಯೂದ ಆಗ ಇನ್ನೂ ಎದ್ದು ಹೋಗಿರಲಿಲ್ಲ. ಅಂದರೆ ಅವನ ಕಾಲನ್ನೂ ತೊಳೆದಾಗಿತ್ತು. ನಮ್ಮ ಪಾದ್ರಿಗಳು ಇದನ್ನು ಹೇಳಿ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ.

ಆಮೇಲೆ ಎಲ್ಲರೂ ಎಣ್ಣೇಮರಗಳ ಗುಡ್ಡದ ಗೆತ್ಸೇಮನೆ ತೋಟಕ್ಕೆ ಹೋದರು. ಗೆತ್ಸೇಮನೆ ಎಂದರೆ ಎಣ್ಣೆಗಾಣ. ಯಾರು ಬಿಟ್ಟು ಹೋದರೂ ನಾನು ಬಿಡಲಾರೆ, ಸಾಯುವುದಕ್ಕೂ ಸೈ ಎಂದು ಪೇತ್ರ ದಾರಿಯಲ್ಲಿ ಆಣೆ ಮಾಡಿದ್ದ. ಯೇಸು ಕೇಳಿದ್ದು ಅಷ್ಟು ದೊಡ್ಡದೇನೂ ಅಲ್ಲ: ಸ್ವಲ್ಪ ಹೊತ್ತು ನನ್ನ ಜೊತೆ ಎಚ್ಚರವಾಗಿರಿ. ಮೂರು ಸಲ ಬಂದು ನೋಡಿದಾಗಲೂ ಮೂವರೂ ನಿದ್ದೆಯಲ್ಲಿದ್ದರು. ಜೀವ ಕೊಡುತ್ತೇನೆ ಎಂದವನಿಗೆ ಒಂದು ತಾಸಿನ ನಿದ್ದೆ ಬಿಡಲಾಗಲಿಲ್ಲ.

ಸಿಪಾಯಿಗಳು ಬಂದು ಯೇಸುವನ್ನು ಹಿಡಿದಾಗ ಎಲ್ಲರೂ ಓಡಿಹೋದರು. ಪೇತ್ರ ಮಾತ್ರ ದೂರದಿಂದ ಹಿಂಬಾಲಿಸಿದ. ಮಹಾಯಾಜಕನ ಮನೆಯ ಅಂಗಳದವರೆಗೂ ಬಂದ. ಚಳಿ ಇತ್ತು, ಆಳುಗಳು ಇದ್ದಲ ಬೆಂಕಿ ಮಾಡಿದ್ದರು, ಅವರ ನಡುವೆ ಇವನೂ ಮೈ ಕಾಯಿಸಿಕೊಳ್ಳುತ್ತಾ ನಿಂತ. ಒಬ್ಬ ದಾಸಿ ಮುಖ ನೋಡಿ, ನೀನೂ ಅವನ ಜೊತೆಗಿದ್ದವನಲ್ಲವೇ ಎಂದಳು. ಇಲ್ಲ ಎಂದ. ಇನ್ನೊಂದು ಸಲ ಕೇಳಿದರು, ಇಲ್ಲ ಎಂದ. ಮೂರನೆಯ ಸಲ ಅಲ್ಲಿದ್ದವರು ಹೇಳಿದ್ದನ್ನು ಮತ್ತಾಯ ಬರೆದಿದ್ದಾನೆ: ನೀನು ಅವರ ಪೈಕಿಯವನೇ, ನಿನ್ನ ಮಾತೇ ನಿನ್ನನ್ನು ತೋರಿಸಿಕೊಡುತ್ತಿದೆ ಎಂಬ ಅರ್ಥದ ಮಾತು.

ಹೊರನಾಡಿನಲ್ಲಿರುವ ನಾವು ಈ ಜಾಗವನ್ನು ಗಮನಿಸಬೇಕು. ಪೇತ್ರ ಗಲಿಲಾಯದ ಮೀನುಗಾರ. ಅವನ ಸರೋವರದ ಊರು ಯೆರೂಸಲೇಮಿನಿಂದ ಉತ್ತರಕ್ಕೆ 100 ಕಿಲೋಮೀಟರಿಗೂ ಹೆಚ್ಚು ದೂರ. ಅಲ್ಲಿ ಹೆರೋದ ಅಂತಿಪನ ಆಳ್ವಿಕೆ, ಇಲ್ಲಿ ರೋಮಿನ ಅಧಿಕಾರಿಯದು. ರಾಜಧಾನಿಗೆ ಬಂದ ಹಳ್ಳಿಗನ ಮಾತಿನ ಧಾಟಿಯೇ ಅವನ ಗುರುತಿನ ಚೀಟಿ ಆಗಿಹೋಯಿತು. ನಾವೂ ಹಿಂದಿ ಮಾತಾಡಿದರೂ ಇಂಗ್ಲಿಷ್ ಮಾತಾಡಿದರೂ ಎರಡನೇ ವಾಕ್ಯಕ್ಕೆ ‘ಸೌತ್ ಕಡೆಯವರಾ?’ ಎಂದು ಕೇಳಿಸಿಕೊಂಡವರೇ. ಪೇತ್ರ ಆಗ ಆಣೆಯಿಟ್ಟು, ಆ ಮನುಷ್ಯನನ್ನು ನಾನರಿಯೆ ಎಂದುಬಿಟ್ಟ. ಕೋಳಿ ಕೂಗಿತು. ಯೇಸು ತಿರುಗಿ ಪೇತ್ರನನ್ನು ನೋಡಿದ ಎಂದು ಲೂಕ ಬರೆಯುತ್ತಾನೆ. ಏನೂ ಮಾತಿಲ್ಲ, ಬರೀ ನೋಟ.

ಒಂದು ಕಾಲ್

ಈಗ ನನ್ನ ವಿಷಯ. ಹೋದ ವರ್ಷ ಜನವರಿಯಲ್ಲಿ ನಮ್ಮ ಪ್ರಾಜೆಕ್ಟಿನ ಒಂದು ರಿಲೀಸ್ ಇತ್ತು. ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದವರು ಬೆಳಗಾವಿ ಕಡೆಯವರು, ನನಗಿಂತ ಎಂಟು ವರ್ಷ ದೊಡ್ಡವರು. ನಾನು ಅವರಿಗೆ ‘ಅಣ್ಣಾರ’ ಅನ್ನುತ್ತಿದ್ದೆ, ಅವರು ನನಗೆ ‘ತಮ್ಮಾ’. ನಾಲ್ಕು ವರ್ಷ ಅವರ ಡಬ್ಬಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದಿದ್ದೇನೆ. ಪೂರ್ತಿ ಟೆಸ್ಟ್ ಮುಗಿಸಲು ಇನ್ನೂ ಎರಡು ದಿನ ಬೇಕು ಎಂದು ಅವರು ಫೋನಿನಲ್ಲಿ ಹೇಳಿದರು. ಕ್ಲೈಂಟಿಗೆ ಕೊಟ್ಟ ತಾರೀಖು ತಪ್ಪಬಾರದೆಂದು, ‘ಉಳಿದದ್ದು ಸೋಮವಾರ ನೋಡೋಣ್ರಿ, ಈಗ ಸೈನ್‌ಆಫ್ ಕೊಡ್ರಿ, ನಾನದೀನಿ’ ಎಂದೆ. ನನ್ನ ಮಾತಿಗೆ ಅವರು ಮೇಲ್ ಕಳಿಸಿದರು. ವಾರಾಂತ್ಯದಲ್ಲಿ ಒಂದಷ್ಟು ಗ್ರಾಹಕರಿಗೆ ಎರಡೆರಡು ಸಲ ಬಿಲ್ ಹೋಯಿತು.

ಸೋಮವಾರ ದೊಡ್ಡವರೆಲ್ಲ ಇದ್ದ ಕಾಲ್. ಟೆಸ್ಟ್ ಬಿಟ್ಟದ್ದು ಯಾರ ತೀರ್ಮಾನ ಎಂಬ ಪ್ರಶ್ನೆ. ಮೇಲ್‌ನಲ್ಲಿದ್ದದ್ದು ಅಣ್ಣಾರ ಹೆಸರೊಂದೇ. ‘ಇದು ನಿಮಗೆ ಗೊತ್ತಿತ್ತಾ?’ ಎಂದು ನನ್ನನ್ನು ಕೇಳಿದರು. ‘ಪೂರ್ತಿ ಮಾಹಿತಿ ನನಗೆ ಇರಲಿಲ್ಲ’ ಎಂದೆ. ಪರದೆಯ ಮೇಲಿನ ಚೌಕಗಳಲ್ಲಿ ಅವರ ಕ್ಯಾಮೆರಾ ಆನ್ ಇತ್ತು. ಅವರು ಏನೂ ಹೇಳಲಿಲ್ಲ. ನಾನು ಫೋನಿನಲ್ಲಿ ಹೇಳಿದ್ದೆ ಎಂಬುದನ್ನೂ ಹೇಳಲಿಲ್ಲ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಬೇರೆ ಟೀಮಿನವನೊಬ್ಬ ಕೇಳಿದ: ‘ನೀವಿಬ್ಬರೂ ಒಂದೇ ಕಡೆಯವರಲ್ಲವಾ? ದಿನಾ ನಿಮ್ಮ ಭಾಷೆಯಲ್ಲೇ ಮಾತಾಡ್ತಿರ್ತೀರಲ್ಲ?’ ನಾನು ಹೇಳಿದ್ದು: ‘ರಾಜ್ಯ ಒಂದೇ, ಅಷ್ಟೇ. ಅಂಥ ಪರಿಚಯ ಏನಿಲ್ಲ.’

ಅಣ್ಣಾರನ್ನು ಪ್ರಾಜೆಕ್ಟಿನಿಂದ ತೆಗೆದು ಬೆಂಚಿಗೆ ಹಾಕಿದರು. ಮಾರ್ಚ್ ಕೊನೆಗೆ ಅವರೇ ರಾಜೀನಾಮೆ ಕೊಟ್ಟು ಹೋದರು. ಕೊನೆಯ ದಿನ ನಾನು ಮನೆಯಿಂದ ಕೆಲಸ ಮಾಡಿದೆ.

ಏಪ್ರಿಲ್‌ನಲ್ಲಿ ಪವಿತ್ರ ವಾರ. ಗುರುವಾರ ರಾತ್ರಿಯ ಆರಾಧನೆಗೆ ಒಬ್ಬೊಬ್ಬರಿಗೆ ಒಂದು ಭಾಗ ಓದಲು ಹಂಚುತ್ತಾರೆ. ನನ್ನ ಪಾಲಿಗೆ ಲೂಕನ 22ನೆಯ ಅಧ್ಯಾಯ ಬಂದಿತ್ತು. ಅಂಗಳದ ಬೆಂಕಿ, ದಾಸಿ, ಕೋಳಿ. ಬೇರೆಯವರದ್ದನ್ನು ಓದುವವನ ಹಾಗೆ ಓದುತ್ತಾ ಹೋದೆ. ಆ ನೋಟದ ಜಾಗಕ್ಕೆ ಬಂದಾಗ ಧ್ವನಿ ಹೊರಡಲಿಲ್ಲ. ಪಕ್ಕದಲ್ಲಿದ್ದ ಹಿರಿಯರು ಗಂಟಲು ಕಟ್ಟಿತೆಂದು ನೀರು ಕೊಟ್ಟರು.

ಕೈ ತೊಳೆದವನು, ತಡವಾಗಿ ಬಂದವನು

ಶುಕ್ರವಾರದ ಕಥೆಯಲ್ಲಿ ಪಿಲಾತ ಬರುತ್ತಾನೆ. ಕ್ರಿಸ್ತಶಕ 26ರಿಂದ 36ರವರೆಗೆ ಯೂದಾಯದ ಅಧಿಪತಿಯಾಗಿದ್ದವನು. ಅವನ ಹೆಸರಿರುವ ಶಿಲಾಶಾಸನವೂ 1961ರಲ್ಲಿ ಕೈಸರೈಯದಲ್ಲಿ ಸಿಕ್ಕಿದೆ. ಇವನಲ್ಲಿ ತಪ್ಪಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಗಲಾಟೆ ಆಗದಿರಲಿ ಎಂದು, ನೀರು ತರಿಸಿ ಎಲ್ಲರೆದುರು ಕೈ ತೊಳೆದುಕೊಂಡು, ಯೇಸುವನ್ನು ಒಪ್ಪಿಸಿಬಿಟ್ಟ. ಶತಮಾನಗಳ ಕಾಲ ಕ್ರೈಸ್ತರು ಈ ಸಾವಿನ ಹೊಣೆಯನ್ನು ಯೆಹೂದ್ಯರ ಮೇಲೆ ಹೊರಿಸಿ ಅವರನ್ನು ಹಿಂಸಿಸಿದ್ದುಂಟು. ಯೇಸು, ಪೇತ್ರ, ಅತ್ತ ಹೆಂಗಸರು ಎಲ್ಲರೂ ಯೆಹೂದ್ಯರೇ. ಶಿಲುಬೆ ರೋಮಿನ ಶಿಕ್ಷೆ. ಬೇರೆಯವರ ಕೈಗೆ ರಕ್ತ ಒರೆಸಿ ನಮ್ಮ ಕೈ ತೊಳೆದುಕೊಳ್ಳುವುದು ಪಿಲಾತನಿಗೇ ಮುಗಿಯಲಿಲ್ಲ. ‘ಅದು ಮ್ಯಾನೇಜ್‌ಮೆಂಟ್ ತೀರ್ಮಾನ’ ಎಂದು ಆ ಮೂರು ತಿಂಗಳು ನಾನು ತೊಳೆದುಕೊಂಡದ್ದೂ ಅದೇ ನೀರಿನಲ್ಲಿ.

ಈ ಕೊನೆಯ ದಿನವನ್ನು ಕನ್ನಡದಲ್ಲಿ ಕಾವ್ಯವಾಗಿ ಬರೆದವರು ಕ್ರೈಸ್ತರಲ್ಲ, ಮಂಜೇಶ್ವರದ ಗೋವಿಂದ ಪೈಗಳು. ಆ ಖಂಡಕಾವ್ಯದ ಹೆಸರೇ ‘ಗೊಲ್ಗೊಥಾ’. ಅವರ ಊರು 1956ರಲ್ಲಿ ಕೇರಳಕ್ಕೆ ಸೇರಿತು; ಹಾಗಾಗಿ ಬದುಕಿನ ಕೊನೆಯ ವರ್ಷಗಳಲ್ಲಿ ಅವರೂ ನಮ್ಮಂತೆ ಹೊರನಾಡ ಕನ್ನಡಿಗರೇ. ಈ ಕಥೆ ಚರ್ಚಿಗೆ ಹೋಗುವವರದ್ದು ಮಾತ್ರವಲ್ಲ ಎನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ಶಿಲುಬೆಯ ಬಳಿ ಶಿಷ್ಯರಲ್ಲಿ ಬಹುತೇಕ ಗಂಡಸರಿರಲಿಲ್ಲ. ಗಲಿಲಾಯದಿಂದ ಬಂದ ಹೆಂಗಸರು ಕೊನೆಯವರೆಗೂ ನಿಂತಿದ್ದರು. ಸಂಜೆ ಅರಿಮಥಾಯದ ಯೋಸೇಫ ಎಂಬವನು ಧೈರ್ಯ ಮಾಡಿ ಪಿಲಾತನ ಬಳಿ ಹೋಗಿ ದೇಹ ಕೇಳಿದ. ಅವನು ಹಿರೀಸಭೆಯ ಸದಸ್ಯ, ಅಲ್ಲಿಯವರೆಗೆ ಗುಟ್ಟಾಗಿ ಶಿಷ್ಯನಾಗಿದ್ದವನು ಎಂದು ಯೋಹಾನ ಹೇಳುತ್ತಾನೆ. ಉಳಿಸುವ ಹೊತ್ತು ಮೀರಿತ್ತು. ಆದರೂ ಬಂದ. ಬಾರದೇ ಇದ್ದರೆ ಯಾರೂ ಕೇಳುತ್ತಿರಲಿಲ್ಲ.

ಆ ಶನಿವಾರ ನಾನು ಅಣ್ಣಾರಿಗೆ ಫೋನ್ ಮಾಡಿದೆ. ಏನೇನೋ ಸುತ್ತಿ ಬಳಸಿ, ಕೊನೆಗೆ ‘ತಪ್ಪು ನಂದ್ರಿ ಅಣ್ಣಾರ’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಈಗ ಹೇಳಿ ಏನ್ ಮಾಡೂದದ ತಮ್ಮಾ? ಅವತ್ತ ಒಂದ್ ಮಾತ್ ಅಂದಿದ್ರ ಸಾಕಿತ್ತು’ ಎಂದರು. ಮೊದಲಿಗಿಂತ ಕಡಿಮೆ ಸಂಬಳದ ಒಂದು ಚಿಕ್ಕ ಕಂಪನಿ ಸೇರಿದ್ದರು. ಕ್ಷಮಿಸಿದೆ ಅನ್ನಲಿಲ್ಲ. ಮನೆಗೆ ಬಾ ಅಂತಲೂ ಅನ್ನಲಿಲ್ಲ. ಫೋನ್ ಇಟ್ಟರು.

ಸೋಮವಾರ ಆಫೀಸಿನಲ್ಲಿ ಆ ಕಾಲ್‌ನಲ್ಲಿದ್ದ ಎಲ್ಲರಿಗೂ ಒಂದು ಮೇಲ್ ಕಳಿಸಿದೆ. ಟೆಸ್ಟ್ ಬಿಡಲು ಹೇಳಿದ್ದು ನಾನು, ನನಗೆ ಪೂರ್ತಿ ಗೊತ್ತಿತ್ತು, ಅವರು ಎರಡು ದಿನ ಕೇಳಿದ್ದರು. ಐದು ಸಾಲು. ಕಳಿಸುವ ಮುಂಚೆ ಹೆಂಡತಿಗೆ ತೋರಿಸಿದ್ದೆ. ಮನೆಯ ಸಾಲದ ಕಂತು ಇನ್ನೂ 14 ವರ್ಷ ಇದೆ. ಅವಳು ಓದಿ, ‘ಕಳಿಸ್ರಿ’ ಎಂದಳು. ಕೆಲಸ ಹೋಗಲಿಲ್ಲ. ಲೀಡ್ ಜವಾಬ್ದಾರಿ ಹೋಯಿತು, ಆ ವರ್ಷದ ಹೈಕ್ ಹೋಯಿತು. ಅಣ್ಣಾರ ಕಡತದಲ್ಲಿದ್ದ ಟಿಪ್ಪಣಿಯನ್ನು ತಿದ್ದಿರುವುದಾಗಿ ತಿಳಿಸಿದರು. ಅವರ ಕೆಲಸ ಮಾತ್ರ ವಾಪಸ್ ಬರಲಿಲ್ಲ.

ಎರಡನೆಯ ಬೆಂಕಿ

ಯೂದ ಮತ್ತು ಪೇತ್ರ ಇಬ್ಬರೂ ಆ ರಾತ್ರಿ ಗುರುವಿಗೆ ಎರಡು ಬಗೆದರು. ಇಬ್ಬರಿಗೂ ಪಶ್ಚಾತ್ತಾಪವಾಯಿತು. ಯೂದ ನಾಣ್ಯಗಳನ್ನು ಹಿಂದಿರುಗಿಸಲು ಯಾಜಕರ ಬಳಿ ಹೋದ. ಅದು ನಿನ್ನ ಪಾಡು ಎಂದು ಅವರು ಕೈಬಿಟ್ಟರು. ಅವನು ಒಬ್ಬನೇ ಹೋಗಿ ಪ್ರಾಣ ಕಳೆದುಕೊಂಡ. ಪೇತ್ರ ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ, ಆದರೆ ಉಳಿದವರನ್ನು ಬಿಟ್ಟು ಹೋಗಲಿಲ್ಲ. ಅವಮಾನವಾದರೂ ಅವರ ನಡುವೆಯೇ ಇದ್ದ. ತಪ್ಪು ಮಾಡಿದವನಿಗೆ ಒಬ್ಬಂಟಿತನ ಎಷ್ಟು ಅಪಾಯ ಎಂದು ಇಲ್ಲಿ ಕಾಣುತ್ತದೆ. ಊರು ಬಿಟ್ಟು ಬಂದು ಫ್ಲ್ಯಾಟಿನ ಬಾಗಿಲು ಹಾಕಿಕೊಂಡು ಬದುಕುವ ನಮ್ಮಂಥವರಿಗೆ ಇದು ಇನ್ನೂ ಹತ್ತಿರದ ಮಾತು. ನಿಮ್ಮ ಪರಿಚಯದಲ್ಲಿ ಯಾರಾದರೂ ಹಾಗೆ ಬಾಗಿಲು ಹಾಕಿಕೊಂಡಿದ್ದರೆ, ಈ ವಾರ ಹೋಗಿ ಬೆಲ್ ಮಾಡಿ.

ಪುನರುತ್ಥಾನದ ನಂತರ ಯೇಸು ಗಲಿಲಾಯದ ಸರೋವರದ ದಡದಲ್ಲಿ ಶಿಷ್ಯರಿಗೆ ಕಾಣಿಸಿಕೊಂಡ ಎಂದು ಯೋಹಾನ ಬರೆದಿದ್ದಾನೆ. ಅಲ್ಲಿ ಮೀನು, ರೊಟ್ಟಿ, ಇದ್ದಲ ಬೆಂಕಿ. ‘ಇದ್ದಲ ಬೆಂಕಿ’ ಎಂಬ ಅರ್ಥದ ಆ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಸಲ: ಒಂದು ಮಹಾಯಾಜಕನ ಅಂಗಳದಲ್ಲಿ, ಇನ್ನೊಂದು ಈ ದಡದಲ್ಲಿ. ಮೂರು ಸಲ ಇಲ್ಲ ಎಂದವನನ್ನು ಯೇಸು ಇಲ್ಲಿ ಮೂರು ಸಲ ಕೇಳುತ್ತಾನೆ, ನನ್ನನ್ನು ಪ್ರೀತಿಸುತ್ತೀಯಾ ಎಂದು. ಮೂರನೆಯ ಸಲ ಪೇತ್ರನಿಗೆ ನೋವಾಯಿತು ಎಂದೂ ಬರೆದಿದೆ. ಕ್ಷಮೆ ಎಂದರೆ ಆದದ್ದನ್ನು ಮರೆಸುವುದಲ್ಲ. ಅದೇ ಬೆಂಕಿಯ ಮುಂದೆ ಮತ್ತೆ ಕೂರಿಸಿ, ಊಟ ಕೊಟ್ಟು, ಕೆಲಸ ಒಪ್ಪಿಸುವುದು.

ನಾನು ಆ ದಡದವರೆಗೆ ಇನ್ನೂ ಬಂದಿಲ್ಲ. ಹೋದ ಜೂನ್‌ನಲ್ಲಿ ಅಣ್ಣಾರಿಂದ ಒಂದು ಮೆಸೇಜ್ ಬಂತು: ‘ಮಗಳದು ಹತ್ತನೇತ್ತಾ ರಿಸಲ್ಟ್ ಬಂತು, 91 ಪರ್ಸೆಂಟ್.’ ಅಷ್ಟೇ. ಅಭಿನಂದನೆ ಕಳಿಸಿದೆ. ಆಮೇಲೆ ದಸರೆಗೊಮ್ಮೆ, ಕ್ರಿಸ್‌ಮಸ್‌ಗೊಮ್ಮೆ ಶುಭಾಶಯ ಆಗಿದೆ. ಮನೆಗೆ ಕರೆಯುವುದು ಬಿಡುವುದು ಅವರಿಗೆ ಸೇರಿದ್ದು. ಕರೆಯಿರಿ ಎಂದು ಕೇಳುವ ಹಕ್ಕು ನನಗಿಲ್ಲ ಎಂದು ಗೊತ್ತು.

ಅಜ್ಜಿಯ ‘ಪಾಪ’ ಈಗ ತಿಳಿಯುತ್ತದೆ. ಕನ್ನಡದಲ್ಲಿ ಮಾಡಿದ ತಪ್ಪಿಗೂ ಅದೇ ಪದ, ಮಾಡಿದವನ ಮೇಲಿನ ಮರುಕಕ್ಕೂ ಅದೇ ಪದ. ಅವಳು ಎರಡನ್ನೂ ಸೇರಿಸಿಯೇ ಹೇಳುತ್ತಿದ್ದಳೋ ಏನೋ.

ಈ ವರ್ಷದ ಓದುವ ಪಟ್ಟಿ ಮೊನ್ನೆ ಬಂತು. ನನಗೆ ಬೇರೆ ಭಾಗ ಕೊಟ್ಟಿದ್ದರು. ಕೇಳಿಕೊಂಡು ಮತ್ತೆ ಲೂಕನ 22ನ್ನೇ ತೆಗೆದುಕೊಂಡಿದ್ದೇನೆ. ಈ ಸಲ ಪೂರ್ತಿ ಓದಬೇಕು.